ಅತ್ತೆಯ ಕಾರಿಗೆ ಡೂಪ್ಲಿಕೇಟ್ ಪಂಪು

ನಮ್ಮ ಅತ್ತೆಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲೊಂದು ಸದಾ ನೇತಾಡುತ್ತಿರುತ್ತದೆ. ಬೀರುವಿನದು, ದೇವರ ಮನೆಯದು, ನಡುವೆ ಕಾರಿನದು. ಕಾರು ಮಾವನದು: ಎರಡೇ ಸೀಟು, ಮಡಚುವ ಟಾಪು, ಉದ್ದ ಮೂತಿ, ನನಗಿಂತ ವಯಸ್ಸಾದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಮಾವ ತೀರಿಕೊಂಡ ಮೇಲೆ ಅದನ್ನು ಓಡಿಸುವವಳು ನಾನೊಬ್ಬಳೇ. ನನ್ನ ಗಂಡನಿಗೆ ಅದರ ಗೊಡವೆಯೇ ಬೇಡ, ಮೆಟ್ರೋ ಇದ್ದರೆ ಸಾಕು. ಓಡಿಸುವುದು ನಾನಾದರೂ ಪ್ರತಿ ಸಲ ಅತ್ತೆಯ ಹತ್ತಿರ ಕೀಲಿ ಕೇಳಬೇಕು, ವಾಪಸ್ಸು ತಂದು ಒಪ್ಪಿಸಬೇಕು.

ಜೊತೆಗೊಂದು ಕಟ್ಟಪ್ಪಣೆ. "ನಿಮ್ಮಾವ ಒರಿಜಿನಲ್ ಬಿಟ್ಟು ಒಂದು ಬೋಲ್ಟೂ ಹಾಕ್ದೋರಲ್ಲ. ಡೂಪ್ಲಿಕೇಟ್ ಸಾಮಾನು ಬಂದ ದಿನ ನಾನು ಅದ್ರಲ್ಲಿ ಕೂರಲ್ಲ." ಬರೀ ಮಾತಲ್ಲ. ಹೊರಡುವ ಮುನ್ನ ಬಾನೆಟ್ ಎತ್ತಿಸಿ, ಬದನೆಕಾಯಿ ಆರಿಸುವವರ ಹಾಗೆ ಒಂದೊಂದನ್ನೂ ನೋಡುತ್ತಾರೆ.

ಆ ಒರಿಜಿನಲ್ ಸಾಮಾನಿನಲ್ಲಿ ವಾಟರ್ ಪಂಪೂ ಒಂದು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ತಿರುಗಿಸುವುದು ಅದರ ಕೆಲಸ. ನಮ್ಮದು ತಿರುಗಿಸಿದ್ದಕ್ಕಿಂತ ಸೋರಿಸಿದ್ದೇ ಹೆಚ್ಚು. ಆರ್.ಟಿ. ನಗರದ ಮನೆಯಿಂದ ಹೊರಟು ಹೆಬ್ಬಾಳ ಫ್ಲೈಓವರ್ ಹತ್ತುವಷ್ಟರಲ್ಲಿ ಬಿಸಿ ತೋರಿಸುವ ಸೂಜಿ ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಬುಸಬುಸ ಹಬೆ. ಪಕ್ಕದಲ್ಲಿ ಹೋಗುವ ಕ್ಯಾಬ್ ಡ್ರೈವರು ತಲೆ ಹೊರಗೆ ಹಾಕಿ, "ಆಂಟಿ, ಇಡ್ಲಿ ಬೆಂತಾ?" ಎಂದು ಕೇಳಿದ್ದೂ ಉಂಟು. ಇಡ್ಲಿಗಿಂತ ಆ ಆಂಟಿ ಅನ್ನುವ ಮಾತಿಗೇ ನನಗೆ ಮೈಯೆಲ್ಲ ಉರಿದಿತ್ತು.

ಅವತ್ತು ಅತ್ತೆ ಫ್ಲೈಓವರಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತು ತೀರ್ಪು ಕೊಟ್ಟರು. "ಇನ್ನೊಂದ್ ಸಲ ಇಲ್ಲಿ ನಿಂತ್ರೆ ಕಾರು ಚಿಕ್ಕಜಾಲಕ್ಕೆ." ಚಿಕ್ಕಜಾಲದಲ್ಲಿ ಅವರ ತಂಗಿಯ ಮಗನಿದ್ದಾನೆ, ಕಲ್ಯಾಣ ಮಂಟಪ ನಡೆಸುತ್ತಾನೆ. ಕಾರು ಸಿಕ್ಕರೆ ಎಂಜಿನ್ ಕಿತ್ತು, ಮೂತಿಗೆ ಚೆಂಡುಹೂ ಸುತ್ತಿ, ಮಂಟಪದ ಬಾಗಿಲಲ್ಲಿ ನಿಲ್ಲಿಸಿ ಮದುಮಕ್ಕಳ ಫೋಟೋ ತೆಗೆಸುವ ಯೋಚನೆ ಅವನದು. ಅಷ್ಟರಲ್ಲಿ ಅವನ ಮಗುವಿನ ನಾಮಕರಣವೂ ಬಂತು. ಭಾನುವಾರ ಕಾರಿನಲ್ಲೇ ಹೋಗುವುದು ಎಂದರು ಅತ್ತೆ.

ನಾನು ಮನೆಯಲ್ಲೇ ಪಂಪು ಬಿಚ್ಚಿಸಿ, ಅದನ್ನು ಹಿಡಿದುಕೊಂಡು ಯಶವಂತಪುರದ ಗ್ಯಾರೇಜಿಗೆ ಓಡಿದೆ. ಅಲ್ಲಿಯ ಮೆಕ್ಯಾನಿಕ್ ಸಾಹೇಬರು ಅದನ್ನು ಕೈಯಲ್ಲಿ ಅಲ್ಲಾಡಿಸಿ, "ಇದ್ಕೆ ಇನ್ನೊಂದ್ ಸಲ ಆಪರೇಷನ್ ಮಾಡಿದ್ರೆ ಪಾಪ ಬರ್ತದೆ ಮೇಡಂ. ಕಥೆ ಖತಂ," ಎಂದು ಎರಡು ಡಬ್ಬಿ ಮುಂದಿಟ್ಟರು. ಎರಡೂ ಬೇರೆ ಕಂಪನಿಯವು, ಅತ್ತೆಯ ಭಾಷೆಯಲ್ಲಿ ಡೂಪ್ಲಿಕೇಟು. ಒಂದು ಕರಿ ಕಬ್ಬಿಣದ್ದು, ನೋಡಲು ಹಳೆಯದರ ಅವಳಿ. ತಿರುಗಿಸಿ ಒಳಗೆ ನೋಡಿದರೆ ನೀರು ತಳ್ಳುವ ರೆಕ್ಕೆಗಳು ಬಗ್ಗಿಸಿದ ತಗಡು. ಇನ್ನೊಂದು ಅಲ್ಯೂಮಿನಿಯಂ. ರೆಕ್ಕೆಗಳು ಆಳ, ದಪ್ಪ. ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತದೆ. ಆದರೆ ಹೊಸ ಪಾತ್ರೆಯಂತೆ ಫಳಫಳ. ಗಂಡು ನೋಡುವಾಗ ಹೀಗೇ ಆಗುತ್ತದೆ, ಒಬ್ಬನಿಗೆ ರೂಪ, ಒಬ್ಬನಿಗೆ ಕೆಲಸ. ನಾನು ಕೆಲಸ ಇರುವವನನ್ನೇ ಆರಿಸಿಕೊಂಡೆ.

"ಕಪ್ಪು ಪೇಂಟ್ ಹೊಡೀಲಾ?" ಎಂದರು ಸಾಹೇಬರು.

"ಬೇಡ. ಹೊಸ ಪೇಂಟನ್ನ ಅತ್ತೆ ಗೇಟಿನಿಂದ್ಲೇ ಕಂಡುಹಿಡೀತಾರೆ. ಮೇಕಪ್ ನಾನ್ ಮಾಡ್ತೀನಿ," ಎಂದೆ.

ಶನಿವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಡುಗೆಮನೆ ಬಾಗಿಲು ಹಾಕಿಕೊಂಡೆ. ನಮ್ಮ ದೋಸೆ ಕಾವಲಿಗೆ ವರ್ಷಗಟ್ಟಲೆಯ ಮಸಿ ಹಿಡಿದಿದೆ. ಅಂಚಿನಿಂದ ಕೆರೆದೆ, ಸಾಲದೆ ನಡುವಿನ ತನಕ ಕೆರೆದೆ. ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ, ಅರ್ಧ ಈರುಳ್ಳಿಯಿಂದ ತಿಕ್ಕಿ ತಿಕ್ಕಿ ಪಂಪಿಗೆ ಮೆತ್ತಿದೆ, ಕಾವಲಿ ಪಳಗಿಸುತ್ತೇವಲ್ಲ, ಹಾಗೆಯೇ. ಮುಗಿದಾಗ ಅದಕ್ಕೆ ತಿಂಗಳು ತಿಂಗಳು ಪೆನ್ಷನ್ ಬರುತ್ತಿರಬೇಕು ಅನ್ನಿಸುವಂತಿತ್ತು. ಸಂಜೆ ಸಾಹೇಬರು ಬಂದು ನಗುತ್ತಲೇ ಕೂರಿಸಿಕೊಟ್ಟರು.

ಭಾನುವಾರ ಅತ್ತೆ ಬಾನೆಟ್ಟಿನೊಳಗೆ ಇಣುಕಿ, "ಹೂಂ, ರಿಪೇರಿ ಚೆನ್ನಾಗ್ ಮಾಡಿದ್ದಾನೆ," ಎಂದರು. ನಾನು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕೆ.

ಹೆಬ್ಬಾಳದಲ್ಲಿ ಎಂದಿನಂತೆ ಜಾತ್ರೆ. ಇಂಚು ಇಂಚಾಗಿ ಹತ್ತಿದೆವು. ಸೂಜಿ ನಡುವಿನಿಂದ ಕದಲಲಿಲ್ಲ. ಫ್ಲೈಓವರ್ ಇಳಿಯುವಾಗ ನನಗೆ ಕೂಗಿ ಹಾಡಬೇಕು ಅನ್ನಿಸಿತು. ಆಗಲೇ ಮೂಗಿಗೆ ಬಡಿದದ್ದು, ಈರುಳ್ಳಿ ದೋಸೆ. ಎಂಜಿನ್ ಕಾದಿತ್ತು, ಪಂಪೂ ಕಾದಿತ್ತು.

"ಎಲ್ಲೋ ದೋಸೆ ಹುಯ್ತಿದಾರೆ," ಎಂದರು ಅತ್ತೆ.

"ಹೋಟ್ಲು ಇರ್ಬೇಕು."

ಜಕ್ಕೂರು ಬಂತು. "ಇಲ್ಲೂ ಹೋಟ್ಲಾ?"

"ಸಾಲಾಗಿ ಇದಾವೆ ಅತ್ತೆ."

ಯಲಹಂಕ ದಾಟಿದ ಮೇಲೆ ಒಂದು ಕಡೆ ಉದ್ದಕ್ಕೂ ಕಾಂಪೌಂಡು ಗೋಡೆ. ಹೋಟೆಲ್ಲು ಹೋಗಲಿ, ಒಂದು ಟೀ ಅಂಗಡಿಯೂ ಇಲ್ಲ. ವಾಸನೆ ಮಾತ್ರ ನಮ್ಮ ಜೊತೆಗೇ ಇತ್ತು. ಅತ್ತೆ ಬಾನೆಟ್ಟನ್ನೇ ನೋಡುತ್ತಾ ಕೂತರು. ಇನ್ನೊಂದು ಸಲ ಹೋಟ್ಲಾ ಎಂದು ಕೇಳಿದ್ದರೇ ವಾಸಿಯಿತ್ತು.

ಚಿಕ್ಕಜಾಲದಲ್ಲಿ ತಂಗಿಯ ಮಗ ಕೈ ಉಜ್ಜಿಕೊಂಡು ಬಾಗಿಲಲ್ಲೇ ನಿಂತಿದ್ದ. ಹಬೆ ಕಾಣದೆ ಮುಖ ಸಣ್ಣದಾಯಿತು. "ಏನ್ ದೊಡ್ಡಮ್ಮ, ಎಬ್ಬಾಳದಲ್ಲಿ ನಿಲ್ಲಿಲ್ವಾ?"

ಅತ್ತೆ ಇಳಿದು ನನಗೆ, "ಬಾನೆಟ್ ಎತ್ತು," ಎಂದರು. ಎತ್ತಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪಂಪನ್ನು ಒಂದು ಸಲ ಉಜ್ಜಿದರು. ಬೆಳ್ಳಿ ಬಿಲ್ಲೆಯಷ್ಟು ಜಾಗ ಫಳ್ಳೆಂದು ಹೊಳೆಯಿತು. ಕಾರು ಹೋಯಿತು ಎಂದುಕೊಂಡೆ.

"ಏನದು ದೊಡ್ಡಮ್ಮ?" ಎಂದು ಅವನೂ ಬಗ್ಗಿದ.

ಅತ್ತೆ ಬಾನೆಟ್ ಇಳಿಸಿಬಿಟ್ಟರು. "ಏನಿಲ್ಲ. ಎಲ್ಲಾ ಒರಿಜಿನಲ್ಲೇ. ನೀನ್ ಹೋಗಿ ಮಗೂನ ನೋಡು."

ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. "ನಿಮ್ಮಾವ ಬೂಟ್ ಪಾಲಿಶ್ ಹಚ್ತಿದ್ರು. ಹಿಂಗೆ ವಾಸ್ನೆ ಬರ್ತಿರ್ಲಿಲ್ಲ."

"ಹಾಗಾದ್ರೆ ಒರಿಜಿನಲ್ಲು?" ಎಂದೆ.

"ಅರ್ಧ ಕಾರು ಡೂಪ್ಲಿಕೇಟೇ. ಕದ್ದು ಹಾಕೋರು, ಕಪ್ಪು ಮಾಡೋರು, ಆಮೇಲೆ ನನ್ನೇ ಕರ್ದು ತೋರ್ಸೋರು, ನೋಡು ಹೆಂಗಿದೆ ಅಂತ. ಎಷ್ಟು ಖುಷಿ ಪಡೋರು ಗೊತ್ತಾ. ನಾನ್ಯಾಕೆ ಬಾಯ್ ಬಿಡ್ಲಿ."

ಇಷ್ಟು ವರ್ಷ ನನ್ನನ್ನು ಕುಣಿಸಿದ್ದಕ್ಕೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿತು. "ನನ್ನ ಕಳ್ಳತನ ಯಾವಾಗ ಗೊತ್ತಾಯ್ತು?" ಎಂದೆ.

"ಬೆಳಿಗ್ಗೆ ದೋಸೆ ಕಾವಲಿಗೆ ಕಚ್ಕೊಂಡಾಗ್ಲೇ."

ಅಂದರೆ ಗೊತ್ತಿದ್ದೇ ಕಾರು ಹತ್ತಿದ್ದರು. ನಾನು ಅಭ್ಯಾಸದಂತೆ ಕೀಲಿ ಚಾಚಿದೆ. ಅತ್ತೆ ತೆಗೆದುಕೊಳ್ಳಲಿಲ್ಲ. "ನಿನ್ ಹತ್ರಾನೇ ಇರ್ಲಿ," ಎಂದು ಸೆರಗಿನ ಮಸಿಯನ್ನು ಒಳಮಡಿಕೆಯಲ್ಲಿ ಮುಚ್ಚಿಕೊಂಡು ನಾಮಕರಣಕ್ಕೆ ಒಳಗೆ ನಡೆದರು.