ಕೊನೆಯಿಂದ ಓದುವ ಚುಕ್ಕಿ ಅಕ್ಕ

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಚುಕ್ಕಿ ಅಕ್ಕ ಎಂದು. ಪೂರ್ಣವಿರಾಮ ಎಲ್ಲೇ ಬಿಟ್ಟುಹೋಗಿರಲಿ, ಆಕೆಯ ಕೆಂಪು ಪೆನ್ನು ಹೋಗಿ ಅಲ್ಲೇ ಕೂರುತ್ತಿತ್ತು. ಕೆಲಸ ಕರಡು ತಿದ್ದುವುದು. ಕಥೆ, ಕಾದಂಬರಿ ಅಂದುಕೊಂಡಿರಾ? ಅಯ್ಯೋ, ಎಲ್ಲಿ ಬಂತು! ಕಂಪನಿಗಳು ಫೋನಿನೊಳಗೆ, ಮಿಕ್ಸಿಯ ಡಬ್ಬಿಯೊಳಗೆ ತುರುಕುವ ಷರತ್ತುಗಳು. ನಾವು ನೀವು ಕಣ್ಣೆತ್ತಿಯೂ ನೋಡದೆ 'ಒಪ್ಪಿದ್ದೇನೆ' ಎಂದು ಒತ್ತಿ ಮುಂದೆ ಹೋಗುತ್ತೇವಲ್ಲ, ಆ ಇರುವೆ ಸಾಲು. ಅದನ್ನು ಓದಿ ಸಂಬಳ ಪಡೆಯುವ ಜೀವ ಒಂದಿದ್ದರೆ ಅದು ಈಕೆಯೇ.

ಆದರೆ ಓದುವ ಬಗೆಯೇ ಬೇರೆ. ಕೊನೆಯ ಸಾಲಿನ ಕೊನೆಯ ಪದದಿಂದ ಶುರು. ರಟ್ಟಿನ ತುಂಡೊಂದನ್ನು ಅಡ್ಡ ಹಿಡಿದು ಒಂದೊಂದೇ ಪದ ಹಿಂದಕ್ಕೆ, ಮೇಲಕ್ಕೆ. ಕೆಲಸ ಕಲಿಸಿದ ಹಿರಿಯರು ಹೇಳಿದ್ದರು: "ಅರ್ಥದ ಬೆನ್ನು ಹತ್ತಿದ್ರೆ ಕಣ್ಣು ಜಾರುತ್ತಮ್ಮ. ನೀನು ಅಕ್ಷರ ನೋಡು, ಅರ್ಥ ಓದೋರಿಗೆ ಬಿಡು." ಓದೋರು ಎಲ್ಲಿದ್ದಾರೆ ಎಂದು ಪಾಪ, ಅವರೂ ಯೋಚಿಸಿರಲಿಲ್ಲ.

ಮನೆಯಲ್ಲಿ ಜೊತೆಗಿರುವವರು ತಂಗಿ ಮತ್ತು ತಂಗಿಯ ಮಗಳು ಪುಟ್ಟಿ. ತಂಗಿಗೆ ಶಿಶುವಿಹಾರದಲ್ಲಿ ಕೆಲಸ. ರಚ್ಚೆ ಹಿಡಿದ ಮಕ್ಕಳನ್ನು ಕಥೆ ಕಟ್ಟಿ ಸುಮ್ಮನಾಗಿಸುವುದರಲ್ಲಿ ಅವಳದು ಎತ್ತಿದ ಕೈ. ನೀರು ಕಂಡರೆ ಹೆದರಿ ಛತ್ರಿ ಬಿಚ್ಚಿಕೊಂಡು ಓಡುವ ಬಾತುಕೋಳಿಯೊಂದು ಅವಳ ಕಥೆಗಳಲ್ಲಿತ್ತು. ತಲೆಗೆ ನೀರು ಹಾಕಿದರೆ ಪುಟ್ಟಿ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದ ಕಾಲದಲ್ಲಿ ಅದು ಬಚ್ಚಲಲ್ಲೇ ಹುಟ್ಟಿದ್ದು. ಮಕ್ಕಳ ಕಥೆಗಳ ಆ್ಯಪ್ ಒಂದಕ್ಕೆ ಅದನ್ನು ಹೇಳಿ ಹಾಕೋಣವೆಂದು ತಂಗಿ ಹೊರಟಳು. ಫೋನಿನಲ್ಲಿ ಷರತ್ತುಗಳು ಬಿಚ್ಚಿಕೊಂಡವು.

"ಅಕ್ಕಾ, ಇಷ್ಟೊಂದಿದೆ, ಓದಬೇಕಾ?"

ಚುಕ್ಕಿ ಅಕ್ಕ ಒಲೆಯ ಮುಂದಿನಿಂದಲೇ ಇಣುಕಿ ನೋಡಿ ನಕ್ಕಳು. "ಇದು ನಮ್ಮ ಕಚೇರೀಲೇ ತಯಾರಾಗಿದ್ದು ಕಣೇ! ನಾನೇ ಎರಡು ಸಲ ಓದಿದೀನಿ. ಧೈರ್ಯವಾಗಿ ಒತ್ತು."

ಒತ್ತಿದಳು. ಒತ್ತದೆ ಇನ್ನೇನು? ಅಕ್ಕನೇ ಓದಿದ್ದಾಳಲ್ಲ.

ಬಾತುಕೋಳಿ ಮನೆಮಾತಾಯಿತು. ಶಿಶುವಿಹಾರದವರು ಅದನ್ನು ನಾಟಕ ಮಾಡಲು ಹೊರಟರು. ಛತ್ರಿ ಹಿಡಿಯುವುದು ಪುಟ್ಟಿಯೇ ಎಂದೂ ಆಯಿತು. ಅಷ್ಟರಲ್ಲಿ ಕಂಪನಿಯಿಂದ ಸಂದೇಶ: ಬಾತುಕೋಳಿ ಸಂಸ್ಥೆಯ ಸ್ವತ್ತು, ಅನುಮತಿಯಿಲ್ಲದೆ ಎಲ್ಲೂ ಬಳಸುವಂತಿಲ್ಲ, ಷರತ್ತುಗಳನ್ನು ನೋಡಿ.

"ನನ್ನ ಬಾತುಕೋಳಿಗೆ ನಾನು ಅಪ್ಪಣೆ ಕೇಳಬೇಕಾ?" ಎಂದು ತಂಗಿ ಕೂಗಾಡಿದಳು. "ನೀನು ಓದಿದ್ಯಲ್ಲ ಅಕ್ಕಾ, ಹೌದಾ ಇದು?"

ಚುಕ್ಕಿ ಅಕ್ಕ ನೆನಪು ಕೆದಕಿದಳು. ಏನು ಓದಿದ್ದೆ? ಒಂದು ಸಾಲಾದರೂ ನೆನಪಿಗೆ ಬಂದರೆ ತಾನೇ!

ಮರುದಿನ ಕಚೇರಿಯ ಕಪಾಟಿನಿಂದ ಹಳೆಯ ಕರಡನ್ನು ಎಳೆದು, ರಟ್ಟನ್ನು ಪಕ್ಕಕ್ಕಿಟ್ಟು, ಜೀವಮಾನದಲ್ಲೇ ಮೊದಲ ಬಾರಿ ಮೇಲಿನಿಂದ ಓದತೊಡಗಿದಳು. ವಿಚಿತ್ರವೆಂದರೆ ಓದಿನ ರುಚಿ ಹತ್ತಿತು. ಅರೆ, ಇವು ಒಂದಕ್ಕೊಂದು ಮಾತಾಡುತ್ತವಲ್ಲ! ಮೂರನೆಯ ಷರತ್ತು ಕೊಟ್ಟಿದ್ದನ್ನು ಒಂಬತ್ತನೆಯದು ಮೆಲ್ಲಗೆ ಕಿತ್ತುಕೊಳ್ಳುತ್ತಿತ್ತು. ಮುಂದೇನು, ಮುಂದೇನು ಎಂದು ಪುಟ ತಿರುಗಿಸುತ್ತ ಹೋದವಳಿಗೆ ಅದು ಸಿಕ್ಕಿತು: ಬಳಕೆದಾರರು ಹಾಕಿದ ಕಥೆ, ಪಾತ್ರ, ದನಿ ಎಲ್ಲವೂ ಎಂದೆಂದಿಗೂ ಸಂಸ್ಥೆಗೆ ಸೇರಿದ್ದು. ಅದರ ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಅವಳದೇ ಬರಹ: 'ಈ ಭಾಗ ಪುಟದಲ್ಲಿ ಹಿಡಿಸುತ್ತಿಲ್ಲ. ಅಕ್ಷರ ಇನ್ನೂ ಸಣ್ಣದು ಮಾಡಿ.'

ಹಾಗಾದರೆ ಇದನ್ನು ನೆಟ್ಟಗೆ ಓದಿದವರು ಯಾರು? ಆ ಕುತೂಹಲ ಆಕೆಯನ್ನು ಕೂರಲು ಬಿಡಲಿಲ್ಲ. ಪುಟ ಕಟ್ಟುವವನನ್ನು ಕೇಳಿದಳು. "ನಾನು ಜೋಡಿಸೋನು ಅಕ್ಕಾ, ಓದಿದ್ರೆ ಮುಗಿಯುತ್ತಾ?" ಎಂದ. ಅನುವಾದ ಮಾಡಿದಾಕೆ, "ನಮಗೆ ತುಂಡು ತುಂಡಾಗಿ ಕಳಿಸ್ತಾರೆ, ತಲೆ ಯಾರಿಗೋ ಬಾಲ ಯಾರಿಗೋ" ಎಂದಳು. ಕಂಪನಿಗೇ ಫೋನ್ ಹಚ್ಚಿದರೆ ಅಲ್ಲಿಯವನೊಬ್ಬ ನಗುತ್ತ, "ಹಿಂದಿನ ಯಾವುದೋ ಕರಾರಿನಿಂದ ಎತ್ತಿ ಹಾಕಿರ್ತೀವಿ ಮೇಡಂ. ನೀವು ಕರಡು ತಿದ್ದೋರು ಓದಿರ್ತೀರಲ್ಲ?" ಎನ್ನಬೇಕೇ! ಬಾತುಕೋಳಿಯನ್ನು ಬಿಟ್ಟುಕೊಡಿ ಎಂದು ಬೇಡಿದ್ದಕ್ಕೆ, "ಒಪ್ಪಿಗೆ ಕೊಟ್ಟಾಗಿದೆ, ನಮ್ಮ ಕೈಲಿಲ್ಲ" ಎಂದು ಫೋನ್ ಇಟ್ಟುಬಿಟ್ಟ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು: "ನಾನು ಓದಿರಲಿಲ್ಲ ಕಣೇ. ಅಕ್ಷರ ನೋಡಿದ್ದೆ, ಅಷ್ಟೇ. ನಿನ್ನ ಬಾತುಕೋಳೀನ ನಾನೇ ಕಳೆದೆ."

ತಂಗಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಥೆ ಹೇಳುವುದನ್ನೇ ನಿಲ್ಲಿಸಿಬಿಟ್ಟಳು. ನಾಟಕ ನಿಂತಿತು. ಶಿಶುವಿಹಾರದಲ್ಲಿ ಮಕ್ಕಳು ಸುತ್ತ ಕೂತರೂ ಬಣ್ಣದ ಡಬ್ಬಿ ಕೊಟ್ಟು ಏಳಿಸುತ್ತಿದ್ದಳಂತೆ. "ಬಾತುಕೋಳಿ ಎಲ್ಲಮ್ಮಾ?" ಎಂದು ಪುಟ್ಟಿ ಕೇಳಿದರೆ, "ಬೇರೆಯವರ ಮನೆಗೆ ಹೋಯ್ತು" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಚುಕ್ಕಿ ಅಕ್ಕ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು.

ಅಂದಿನಿಂದ ಮನೆಗೆ ಬಂದ ಯಾವ ಡಬ್ಬಿಯ ಕಾಗದವನ್ನೂ ಆಕೆ ಬಿಡಲಿಲ್ಲ. ಮೇಲಿನಿಂದ, ಜೋರಾಗಿ, ಕೇಳಲಿ ಬಿಡಲಿ ಓದುವುದೇ. "ಕೇಳೇ ಇಲ್ಲಿ, ಈ ತೂಕದ ಯಂತ್ರ ತೋರಿಸೋ ತೂಕಕ್ಕೆ ಕಂಪನಿ ಹೊಣೆ ಅಲ್ವಂತೆ! ಮತ್ತೆ ಯಾರು ಹೊಣೆ, ನಮ್ಮ ಹೊಟ್ಟೆನಾ?" ಮುಖ ಊದಿಸಿಕೊಂಡು ಬಟ್ಟೆ ಮಡಚುತ್ತಿದ್ದ ತಂಗಿ ತಡೆಯಲಾರದೆ ಕಿಸಕ್ಕೆಂದು ನಕ್ಕಳು. ಅಲಾರಂ ಗಡಿಯಾರದ ಕಾಗದ ಇನ್ನೂ ಮಜವಾಗಿತ್ತು: ಎಚ್ಚರವಾಗದಿದ್ದರೆ ತಯಾರಕರನ್ನು ದೂರುವಂತಿಲ್ಲವಂತೆ. ಅರ್ಥವಾಗದಿದ್ದರೂ ಪುಟ್ಟಿ ಬಿದ್ದು ಬಿದ್ದು ನಕ್ಕಳು.

ಒಂದು ರಜೆಯ ಬೆಳಿಗ್ಗೆ ಮೂವರೂ ಹೊಸಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಯಾರೂ ಕೇಳಿರಲಿಲ್ಲ, ತಂಗಿ ತಾನಾಗಿಯೇ ಶುರುಮಾಡಿದಳು. "ಒಂದು ಕತ್ತೆ ಇತ್ತಂತೆ. ಅದು ಕನ್ನಡಕದ ಅಂಗಡಿ ಇಟ್ಟಿತ್ತಂತೆ."

ಪುಟ್ಟಿಯ ಕೈ ನಿಂತಿತು. ಮಗು ಅಮ್ಮನ ಹತ್ತಿರ ಸರಿದು ಪಿಸುಗುಟ್ಟಿತು: "ಅಮ್ಮಾ, ಈ ಕತ್ತೆ ನಮ್ದೇನಾ?"

ತಂಗಿ ಅಕ್ಕನ ಮುಖ ನೋಡಿದಳು. ಚುಕ್ಕಿ ಅಕ್ಕನ ಕಣ್ಣು ತುಂಬಿ ಬಂದಿತ್ತು.

"ನಮ್ದೇ ಪುಟ್ಟಿ," ಎಂದಳು ತಂಗಿ. "ದೊಡ್ಡಮ್ಮನ್ನೇ ಕೇಳು ಬೇಕಾದ್ರೆ."