ಎರೆಹುಳ ಎದ್ದು ಹೊರಟ ದಿನ

ಆ ಶಾಲೆಯ ಮಕ್ಕಳು ವಿಜ್ಞಾನದ ಟೀಚರನ್ನು ಬೆನ್ನ ಹಿಂದೆ ‘ಹುಳದ ಮಿಸ್’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ಇಪ್ಪತ್ತೆಂಟು ವರ್ಷದಿಂದ ತಮ್ಮ ತರಗತಿಯ ಒಂದು ಜೇಡರಬಲೆಗೂ ಅವರು ಪೊರಕೆ ತಾಗಗೊಟ್ಟಿರಲಿಲ್ಲ.

ಯಾರು ಯಾರನ್ನು ತಿಂದು ಬದುಕುತ್ತಾರೆ ಎಂಬ ಪಾಠದ ದಿನ, ಗಂಡನಿಗೆಂದು ಆರು ವರ್ಷದಿಂದ ಹೆಣೆಯುತ್ತಿದ್ದ ಸ್ವೆಟರಿನ ಉಲ್ಲನ್ ಉಂಡೆಯನ್ನೇ ತಂದರು. ಮಕ್ಕಳನ್ನು ಸುತ್ತ ನಿಲ್ಲಿಸಿ ಜೀವಿಗಳ ಹೆಸರು ಬರೆದ ಚೀಟಿ ಎತ್ತಿಸಿದರು. ಎಲ್ಲರಿಗೂ ಹದ್ದೇ ಬೇಕು. ಹುಲ್ಲಾಗಲು ಯಾರೂ ತಯಾರಿಲ್ಲ. ಎರೆಹುಳದ ಚೀಟಿ ಬಂದದ್ದು ತರಗತಿಗೇ ಎತ್ತರದ ಹುಡುಗಿಗೆ. ಅವಳ ಮುಖ ಊದಿಕೊಂಡಿತು.

“ಮಿಸ್, ನಾನು ಬರೀ ಮಣ್ಣು ತಿನ್ನೋದಾ?”

“ನೀನಿಲ್ದಿದ್ರೆ ಮಣ್ಣೇ ಸತ್ತುಹೋಗುತ್ತೆ ಕಣೇ. ಸುಮ್ನೆ ದಾರ ಹಿಡಿ.”

ದಾರ ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ, ಹಾವಿನಿಂದ ಹದ್ದಿಗೆ ಹೋಯಿತು. ಸತ್ತವರೆಲ್ಲರಿಂದ ಎರೆಹುಳಕ್ಕೆ, ಅಲ್ಲಿಂದ ಮತ್ತೆ ಹುಲ್ಲಿಗೆ. ಹತ್ತೇ ನಿಮಿಷದಲ್ಲಿ ಕಾಲಿಡಲು ಜಾಗವಿಲ್ಲ. ಕಪ್ಪೆ ಹಾವನ್ನು ಚಿವುಟಿತು. ಹಾವು ಅತ್ತಿತು.

ಗಲಾಟೆ ಕೇಳಿ ಹೆಡ್‌ಮಾಸ್ಟರು ಬಂದರು. ಎಲ್ಲವೂ ಇಸ್ತ್ರಿ ಹಾಕಿದಂತಿರಬೇಕೆನ್ನುವ ಮನುಷ್ಯ. ಶಾಲೆಯ ಹಿಂದಿನ ಪೊದೆಗಳಿಗೆ ಮರುದಿನವೇ ಹುಳ ಸಾಯುವ ಔಷಧಿ ಹೊಡೆಸುವವರಿದ್ದರು.

“ಏನ್ರೀ ಇದು, ಮೇಡಂ?”

“ಸರ್, ನೀವೂ ಹಿಡ್ಕೊಳ್ಳಿ. ನೀವು ಮನುಷ್ಯ!” ಎಂದು ಮಿಡತೆ ಅವರ ಕೈಗೆ ದಾರ ತುರುಕಿತು.

ಹೆಡ್‌ಮಾಸ್ಟರು ಮುಜುಗರಪಡುತ್ತಲೇ ಬೆರಳಿಗೆ ಸುತ್ತಿಕೊಂಡರು. ಅಷ್ಟರಲ್ಲಿ ಎರೆಹುಳಕ್ಕೆ ಸಾಕಾಗಿತ್ತು. “ನಾನಿರಲ್ಲ, ಹೋಗಿ!” ಎಂದು ಸೊಂಟಕ್ಕೆ ಸುತ್ತಿದ್ದ ದಾರದ ಸಮೇತ ಬಾಗಿಲ ಕಡೆ ದಾಪುಗಾಲು ಹಾಕಿದಳು. ಹುಲ್ಲು ಮುಗ್ಗರಿಸಿತು, ಮಿಡತೆ ಹುಲ್ಲಿನ ಮೇಲೆ ಬಿತ್ತು, ಬೆಂಚು ಹತ್ತಿ ನಿಂತಿದ್ದ ಹದ್ದು ಜಾರಿತು, ಕೊನೆಗೆ ಮನುಷ್ಯ ದೊಪ್ಪನೆ ಕಪ್ಪೆಯ ಮಡಿಲಿಗೆ ಬಿದ್ದ.

ಇವತ್ತಿಗೆ ನನ್ನ ಕೆಲಸ ಹೋಯಿತು ಎಂದುಕೊಂಡರು ಹುಳದ ಮಿಸ್. ಹೆಡ್‌ಮಾಸ್ಟರು ಕನ್ನಡಕ ತಡಕಿ ಹಾಕಿಕೊಂಡು, ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದವಳನ್ನು ನೋಡಿದರು.

“ನೀನ್ಯಾರಮ್ಮಾ? ಆನೆನಾ?”

“ಎರೆಹುಳ, ಸರ್.”

“ಎರೆಹುಳನಾ!” ಅವರ ಭುಜ ಕುಲುಕತೊಡಗಿತು. ಅವರು ನಕ್ಕಿದ್ದನ್ನು ಆ ಶಾಲೆ ಕಂಡದ್ದು ಅದೇ ಮೊದಲು.

ಮರುದಿನ ಔಷಧಿಯವನನ್ನು ಗೇಟಿನಲ್ಲೇ ತಡೆದರು. “ಬೇಡ ಬಿಡಪ್ಪಾ. ಒಂದನ್ನ ಎಳೆದ್ರೆ ನಾವೂ ಬೀಳ್ತೀವಿ.”

ಎರಡು ವಾರದ ಮೇಲೆ ಒಬ್ಬ ತಾಯಿ ಬಂದರು. “ಮೇಡಂ, ನನ್ನ ಮಗ ಜಿರಳೆ ಹೊಡೆಯೋಕೆ ಬಿಡ್ತಿಲ್ಲ. ಹಲ್ಲಿ ಅದನ್ನೇ ನಂಬ್ಕೊಂಡಿದೆಯಂತೆ. ಏನ್ಮಾಡ್ಲಿ?”

ಜಿರಳೆ ಕಂಡರೆ ತಾವೇ ಕುರ್ಚಿ ಹತ್ತಿ ಗಂಡನನ್ನು ಕೂಗುತ್ತಿದ್ದ ಹುಳದ ಮಿಸ್ ಮುಖ ಗಂಭೀರ ಮಾಡಿಕೊಂಡು ಹೇಳಿದರು: “ಹಲ್ಲಿಗೆ ಸ್ವಲ್ಪ ಟೈಮ್ ಕೊಡಿ.”