ವೈನಿ ತಡೆದ ಮಂತ್ರ

ಭಾನುವಾರ ಊಟವಾದ ಮೇಲೆ ರೋಣದ ಅಣ್ಣನ ಮನೆಯಲ್ಲಿ ನಾವು ಮೂವರು ಆಟಕ್ಕೆ ಕೂಡುತ್ತಿದ್ದೆವು: ಅಣ್ಣ, ಅವನ ಹೆಂಡತಿ ವೈನಿ, ನಾನು. ನಾನು ಗಜೇಂದ್ರಗಡದ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಈ ಆಟ ಕಲಿತದ್ದು ಅಲ್ಲಿನ ಗೆಳತಿಯೊಬ್ಬಳಿಂದ. ಇದಕ್ಕೆ ಮಣೆಯೂ ಇಲ್ಲ, ಕಾಯಿಯೂ ಇಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡಬೇಕು. ಹೊಡೆತ ಬೀಳುತ್ತದೋ ಇಲ್ಲವೋ, ಬಾಗಿಲು ಮುರಿಯುತ್ತದೋ ಇಲ್ಲವೋ ಎಂಬಂಥ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಕಥೆ ನಡೆಸುವವಳು ನಾನು.

ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಅಣ್ಣ ಮಂತ್ರವಾದಿಯಾದ. ಹೊಳೆಮಣ್ಣೂರಿನ ಮಗಳಾದ ವೈನಿ ದೋಣಿ ನಡೆಸುವವಳಾದಳು.

ಅಣ್ಣನ ಬಳಿ ಒಂದು ಮಂತ್ರವಿತ್ತು. ಅದನ್ನು ಹಾಕಿದರೆ ಎದುರಿನವರ ಮನಸ್ಸಿನಲ್ಲಿ ಆ ಗಳಿಗೆ ಏನಿದೆಯೋ ಅದು ತಿಳಿಯುತ್ತಿತ್ತು. ಗುಡಿಯಲ್ಲಿ ಕಳುವಾದ ದೇವಿಯ ಮೂಗುತಿಯನ್ನು ಹುಡುಕುವ ಕಥೆಯನ್ನು ನಾನು ವಾರವೆಲ್ಲ ಕೂತು ಕಟ್ಟಿದ್ದೆ. ಅಣ್ಣ ಶುರುವಿನಲ್ಲೇ ಪೂಜಾರಿಯ ಮೇಲೆ ಮಂತ್ರ ಹಾಕಿದ, ಕದ್ದವನು ಅವನೇ ಎಂದು ತಿಳಿಯಿತು; ಚಹಾ ಆರುವುದರೊಳಗೆ ಕಥೆ ಮುಗಿಯಿತು.

“ಹಿಂಗಾದ್ರ ಆಟ ಆಡೂದ್ಯಾಕ?” ಎಂದಳು ವೈನಿ. “ಯಾರನ್ನೂ ಮಾತಾಡ್ಸೂದ ಬ್ಯಾಡಲ್ಲ.”

ಮಂತ್ರ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ದಿನವಿಡೀ ಗಿರಾಕಿಗಳ ಮುಖ ನೋಡಿ ಮನಸ್ಸು ಊಹಿಸುವವನಿಗೆ ಅದೇ ಆಟದ ರುಚಿ. ಬಸ್ಸಿನಲ್ಲಿ ಯೋಚಿಸುತ್ತ ಹೊಸ ನಿಯಮ ಮಾಡಿದೆ. ಮಂತ್ರಕ್ಕೆ ಗುರಿಯಾದವರು ದಾಳ ಹಾಕಿ, ದೊಡ್ಡ ಸಂಖ್ಯೆ ಬಿದ್ದರೆ ಅದನ್ನು ತಡೆಯಬಹುದು. ತಡೆದರೆ, ಯಾರು ಇಣುಕಿದರೆಂಬುದು ಅವರಿಗೆ ಗೊತ್ತಾಗುತ್ತದೆ. ತಾವೇ ಒಪ್ಪಿದರೆ ದಾಳ ಬೇಕಿಲ್ಲ. ಅಣ್ಣ, ವೈನಿಯರ ಪಾತ್ರಗಳಿಗೂ ಇದೇ ನಿಯಮ. ಒಂದೆರಡು ಸಲ ಸಿಕ್ಕಿಬಿದ್ದ ಮೇಲೆ ಅಣ್ಣನ ಮಂತ್ರವಾದಿ ಜನರ ಜೊತೆ ಕೂತು ಮಾತಾಡುವುದನ್ನು ಕಲಿತ. ಕಥೆಗಳು ಸಂಜೆಯವರೆಗೆ ಹಿಗ್ಗಿದವು.

ಆ ಮಳೆಗಾಲ ವೈನಿ ಮಂಕಾಗುತ್ತ ಬಂದಳು. ಕರೆದರೆ ಓಗೊಡುತ್ತಿರಲಿಲ್ಲ, ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದಳು.

“ನಿಮ್ಮ ವೈನಿ ನನ್ನ ಮ್ಯಾಲ ಸಿಟ್ಟಾಗ್ಯಾಳ,” ಎಂದ ಅಣ್ಣ, ನನ್ನನ್ನು ಬಸ್ಸಿಗೆ ಬಿಡಲು ಬಂದಾಗ. “ಯಾಕಂತ ತಿಳೀವಲ್ದು.”

“ಕೇಳಿಬಿಡು.”

“ಹ್ಯಾಂಗ ಕೇಳ್ಲಿ?”

ಮುಂದಿನ ಭಾನುವಾರ ಆಟದಲ್ಲಿ ಅವರಿಬ್ಬರೂ ತುಂಬಿದ ಹೊಳೆಯ ನಡುವೆ ದೋಣಿಯಲ್ಲಿದ್ದರು. ಅಣ್ಣ ಒಮ್ಮೆಲೇ, “ನಾ ಮಂತ್ರ ಹಾಕ್ತೀನಿ,” ಎಂದ.

“ಯಾರ ಮ್ಯಾಲ?” ಎಂದೆ ನಾನು.

“ದೋಣಿ ನಡಸಾಕಿ ಮ್ಯಾಲ.”

ವೈನಿ ಅವನ ಮುಖವನ್ನೇ ನೋಡಿದಳು. ಆಮೇಲೆ ದಾಳ ಉರುಳಿಸಿದಳು. ಹತ್ತೊಂಬತ್ತು ಬಿತ್ತು. ತಡೆದಿದ್ದಳು.

ಅಣ್ಣ ಇನ್ನೊಮ್ಮೆ ಹಾಕಬಹುದಿತ್ತು, ನಿಯಮದಲ್ಲಿ ಅಡ್ಡಿ ಇರಲಿಲ್ಲ. ಹಾಕಲಿಲ್ಲ. “ಇರ್ಲಿ. ಆಕೀಗಿ ಹೇಳಬೇಕನಿಸಿದಾಗ ಹೇಳ್ಲಿ,” ಎಂದ. “ಹುಟ್ಟು ನನ್ನ ಕೈಯಾಗ ಕೊಡು ಅಂತೀನಿ. ನಾ ದೋಣಿ ನಡಸ್ತೀನಿ, ಆಕಿ ಸ್ವಲ್ಪ ಕುಂದರ್ಲಿ.”

ದೋಣಿ ಆಚೆ ದಡ ಮುಟ್ಟಿತು. ಮುಂದಿನ ಊರಿನ ವರ್ಣನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಅಣ್ಣನ ಕಡೆ ತಿರುಗಿದಳು.

“ಈಗ ಹಾಕ್ರಿ ಆ ಮಂತ್ರ. ನಾ ತಡಿಯಂಗಿಲ್ಲ.”

“ಹಾಕೀನಿ,” ಎಂದ ಅಣ್ಣ.

“ದೋಣಿ ನಡಸಾಕೀಗಿ ಎಡಗಿವಿ ಕೇಳಸವಲ್ದು,” ಎಂದಳು ವೈನಿ, ಮೇಜು ನೋಡುತ್ತ. “ಬಲಗಿವೀನೂ ಮಂದ ಆಗಾಕತ್ತೇತಿ. ಹೇಳಿದ್ರ ಎಲ್ಲಾರೂ ಒದರಿ ಮಾತಾಡ್ತಾರ, ಅಯ್ಯೋ ಪಾಪ ಅಂತಾರ. ಅದಕ್ಕ ಸುಮ್ನದಾಳ.”

ಕಥೆ ಮುಂದುವರಿಸಬೇಕೋ ನಿಲ್ಲಿಸಬೇಕೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ ಎದ್ದು, ತನ್ನ ಕುರ್ಚಿಯನ್ನು ಅವಳ ಬಲಕ್ಕೆ ತಂದಿಟ್ಟುಕೊಂಡು ಕೂತ.

“ಯಾವಾಗಿಂದ?”

“ಸಂಕ್ರಾಂತಿ ಆದಾಗಿಂದ್ರಿ.”

“ನೀ ಸಿಟ್ಟಾಗೀದಿ ಅಂತ ನಾ ಅನ್ಕೊಂಡಿದ್ದೆ.”

“ಸಿಟ್ಟಿದ್ರ ನಿಮಗ ಗೊತ್ತಾಗದ ಇರ್ತಿತ್ತೇನು?” ಎಂದಳು ವೈನಿ. ಅಣ್ಣ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ಗದಗದ ದವಾಖಾನೆಯಲ್ಲಿ ತಪಾಸಣೆಯಾಯಿತು. ಹೋದದ್ದು ಮರಳಿ ಬರುವುದಿಲ್ಲ, ಕಿವಿಗೆ ಹಾಕುವ ಮಷೀನಿನಿಂದ ಅನುಕೂಲವಾದೀತು ಎಂದರು ಡಾಕ್ಟರು. ಅದನ್ನು ಹಾಕಿಕೊಂಡ ಮರುದಿನ ನಾನು ಹೋದಾಗ ವೈನಿ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿದ ಸದ್ದಿಗೆ ಬೆಚ್ಚಿ, ಆಮೇಲೆ ತಾನೇ ನಕ್ಕಳು. ಅಣ್ಣ ಅಂಗಡಿಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಮತ್ತೇನೇನ ಕೇಳಸ್ತೈತಿ?” ಎಂದು ಕೇಳುತ್ತಿದ್ದ. ವೈನಿ ಬೇಸರಿಸದೆ ಒಂದೊಂದಾಗಿ ಹೇಳುತ್ತಿದ್ದಳು.